ನಾಲ್ಕನೆಯ ವರ್ಷ ಯಾರಿಗೆ? ಪದವಿ ಮಟ್ಟದ ಸಂಶೋಧನೆ ಮತ್ತು ನಮ್ಮ ಮಕ್ಕಳು

ಕಳೆದ ಬಾರಿ ನಮ್ಮ ಉಪನಗರದ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಎಂದಿನಂತೆ ಪ್ರತಿಭಾ ಪುರಸ್ಕಾರ ನಡೆಯಿತು. ಹತ್ತನೆಯ, ಹನ್ನೆರಡನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು, ಹೂಗುಚ್ಛ, ಲಕೋಟೆ ನೀಡಿ ಗೌರವಿಸಲಾಯಿತು. ಊಟದ ಸಾಲಿನಲ್ಲಿ ನಿಂತಿದ್ದಾಗ ಮೂವರು ಪಾಲಕರು ಒಬ್ಬರ ಹಿಂದೊಬ್ಬರು ನನ್ನಲ್ಲಿ ಒಂದೇ ಪ್ರಶ್ನೆ ಕೇಳಿದರು. ಮಗಳು ಬಿ.ಎಸ್ಸಿ. ಮಾಡುತ್ತಿದ್ದಾಳೆ, ಈಗ ನಾಲ್ಕು ವರ್ಷದ ಪದವಿ ಅನ್ನುತ್ತಾರೆ, ನಾಲ್ಕನೆಯ ವರ್ಷ ಓದಿಸಬೇಕೋ ಬೇಡವೋ? ಬ್ಯಾಂಕಿನವನಿಗೆ ಎಲ್ಲ ಫಾರ್ಮುಗಳೂ ಗೊತ್ತಿರುತ್ತವೆ ಎಂಬುದು ನಮ್ಮವರ ನಂಬಿಕೆ. ನಾನು ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಪ್ರಯೋಗಶಾಲೆಯ ಒಳಗೆ ಕಾಲಿಟ್ಟವನಲ್ಲ. ಆದರೂ ಮನೆಯಲ್ಲೇ ಒಂದು ಉದಾಹರಣೆ ಇದ್ದುದರಿಂದ ಈ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ.

ಮೊದಲು ನಿಯಮ ಏನೆಂದು ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಯುಜಿಸಿ 2022ರ ಡಿಸೆಂಬರಿನಲ್ಲಿ ಪದವಿ ಶಿಕ್ಷಣದ ಹೊಸ ಚೌಕಟ್ಟನ್ನು ಪ್ರಕಟಿಸಿತು. ಮೂರು ವರ್ಷ ಓದಿ 120 ಕ್ರೆಡಿಟ್ ಗಳಿಸಿದರೆ ಸಾಮಾನ್ಯ ಪದವಿ, ನಾಲ್ಕು ವರ್ಷ ಓದಿ 160 ಕ್ರೆಡಿಟ್ ಗಳಿಸಿದರೆ ಆನರ್ಸ್. (ನಮ್ಮ ಬ್ಯಾಂಕಿನಲ್ಲಿ ಕ್ರೆಡಿಟ್ ಎಂದರೆ ಖಾತೆಗೆ ಜಮಾ ಆಗುವ ಹಣ. ಇಲ್ಲಿಯೂ ಹೆಚ್ಚು ಕಡಿಮೆ ಅದೇ, ಬಡ್ಡಿ ಮಾತ್ರ ಇಲ್ಲ.) ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಹಾಗೂ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಕೆಲಸ ಮಾಡಬಹುದು. ಅಂಥವರ ಪದವಿಪತ್ರದಲ್ಲಿ 'ಸಂಶೋಧನೆಯೊಂದಿಗೆ ಆನರ್ಸ್' ಎಂದು ಇರುತ್ತದೆ. ನಾಲ್ಕು ವರ್ಷದ ಪದವಿಯಲ್ಲಿ ಒಟ್ಟು ಶೇ. 75 ಬಂದವರು ಸ್ನಾತಕೋತ್ತರ ಪದವಿ ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು ಎಂದು 2022ರ ಇನ್ನೊಂದು ನಿಯಮ ಹೇಳುತ್ತದೆ.

ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಲ್ಲಿ ಇದು 2023-24ರಿಂದಲೂ, ಮುಂಬಯಿ ವಿಶ್ವವಿದ್ಯಾಲಯದ ಉಳಿದ ಕಾಲೇಜುಗಳಲ್ಲಿ 2024-25ರಿಂದಲೂ ಜಾರಿಗೆ ಬಂತು. ಎರಡನೆಯ ಗುಂಪಿನ ಮಕ್ಕಳಿಗೆ ಮೂರನೆಯ ವರ್ಷ ಮುಗಿಯುವುದು 2027ರಲ್ಲಿ. ಇತ್ತ ಊರಿನ ಕಥೆ ಬೇರೆ. ಕರ್ನಾಟಕವು 2021-22ರಲ್ಲೇ, ಎಲ್ಲರಿಗಿಂತ ಮೊದಲು, ಈ ನೀತಿಯನ್ನು ಒಪ್ಪಿಕೊಂಡಿತ್ತು. ಸರಕಾರ ಬದಲಾದ ಬಳಿಕ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಗಿ, ಅದರ ಮಧ್ಯಂತರ ವರದಿಯಂತೆ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಗೇ ಮರಳಲು ಆದೇಶ ಹೊರಟಿತು. ಹಾಗಾಗಿ ಒಂದೇ ಕುಟುಂಬದಲ್ಲಿ ಮುಂಬಯಿಯ ಮಗುವಿಗೆ ಒಂದು ಲೆಕ್ಕ, ಮಂಗಳೂರಿನ ಮಗುವಿಗೆ ಇನ್ನೊಂದು ಲೆಕ್ಕ.

ಗಾಬರಿಯಾಗಬೇಕಿಲ್ಲ. ಊರಿನಲ್ಲಿ ಮೂರು ವರ್ಷ ಬಿ.ಎಸ್ಸಿ., ಎರಡು ವರ್ಷ ಎಂ.ಎಸ್ಸಿ. ಇಲ್ಲಿ ನಾಲ್ಕು ವರ್ಷ ಬಿ.ಎಸ್ಸಿ., ಒಂದು ವರ್ಷ ಎಂ.ಎಸ್ಸಿ. ಕೂಡಿಸಿದರೆ ಎರಡೂ ಐದು. ವ್ಯತ್ಯಾಸ ಇರುವುದು ಮಗುವಿನ ಕೈಗೆ ಸ್ವಂತ ಕೆಲಸ ಯಾವಾಗ ಸಿಗುತ್ತದೆ, ಯಾರ ಕೈಕೆಳಗೆ ಸಿಗುತ್ತದೆ ಎಂಬುದರಲ್ಲಿ.

ಇಲ್ಲಿ ನನ್ನ ತಂಗಿಯ ಮಗಳ ವಿಷಯ ಹೇಳಬೇಕು. ಜೀವವಿಜ್ಞಾನದ ವಿದ್ಯಾರ್ಥಿನಿ. ಬೆಳ್ತಂಗಡಿ ಕಡೆ ಅವರದ್ದೊಂದು ಸಣ್ಣ ಅಡಿಕೆ ತೋಟ, ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಒಂದು ಮಳೆಗಾಲದಲ್ಲಿ ಎರಡು ಸಲ ಮದ್ದು ಬಿಟ್ಟರೂ ಕೊಳೆರೋಗ ನಿಲ್ಲಲಿಲ್ಲ, ಎಳೆಕಾಯಿ ರಾಶಿ ರಾಶಿ ಉದುರಿತು. ಮದ್ದೇ ಸರಿಯಿಲ್ಲವೇ, ರೋಗವೇ ಜೋರಾಯಿತೇ ಎಂದು ಫೋನಿನಲ್ಲಿ ಚರ್ಚೆ. ಹುಡುಗಿ ಇದನ್ನೇ ಪ್ರಾಜೆಕ್ಟಿಗೆ ತೆಗೆದುಕೊಳ್ಳುತ್ತೇನೆಂದು ಕಾಲೇಜಿನಲ್ಲಿ ಕೇಳಿದಳು. ಅಡಿಕೆ ಮರವನ್ನು ದಾಪೋಲಿ ಕಡೆ ಕಂಡಿದ್ದ ಮರಾಠಿ ಮೇಡಂ ಒಬ್ಬರು ಒಪ್ಪಿದರು.

ರೋಗ ತಗಲಿದ ಕಾಯಿಗಳನ್ನು ದೊಡ್ಡಪ್ಪ ಪೇಪರಿನಲ್ಲಿ ಸುತ್ತಿ ಮುಂಬಯಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರು. ಇಲ್ಲಿಗೆ ಮುಟ್ಟುವಾಗ ಅದರ ಮೇಲೆ ಬೇರೆಯೇ ಬೂಷ್ಟು. ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಕೊಳೆರೋಗದ ಫೈಟಾಫ್ತೋರಾ ಮೇಲೇಳಲೇ ಇಲ್ಲ, ಸಿಕ್ಕಿದ್ದೆಲ್ಲ ಕೊಳೆತ ವಸ್ತುವಿನ ಮೇಲೆ ಬರುವ ಸಾಮಾನ್ಯ ಬೂಷ್ಟು. ಎರಡನೆಯ ಪಾರ್ಸೆಲ್, ಅದೇ ಗತಿ. ಮನೆಯಲ್ಲಿ ಅಳು. ಮೇಡಂ ಮಾತ್ರ ಬೈಯಲಿಲ್ಲ. ಹಾಳಾದ ತಟ್ಟೆಗಳನ್ನೂ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಸಿದರು, ಅಳಿಸಲು ಬಿಡಲಿಲ್ಲ. (ಲೆಜ್ಜರಿನಲ್ಲಿ ತಪ್ಪು ಎಂಟ್ರಿಯನ್ನು ಒರೆಸಬಾರದು, ಗೆರೆ ಎಳೆದು ಸಹಿ ಹಾಕಬೇಕು ಎಂದು ನಮಗೂ ಕಲಿಸಿದ್ದರು. ಆ ಕ್ಷಣ ನನಗೆ ವಿಜ್ಞಾನ ಸ್ವಲ್ಪ ಅರ್ಥವಾಯಿತು.) ಬಳಿಕ ಅವರು ಹುಡುಗಿಯಲ್ಲಿ ಕೇಳಿದ್ದು ಇಷ್ಟೇ: ಮುಂಬಯಿಯಲ್ಲಿ ಕುಳಿತು ರೋಗಾಣು ಹಿಡಿಯುವುದು ಕಷ್ಟ, ಆದರೆ ಮದ್ದನ್ನು ಪರೀಕ್ಷಿಸಬಹುದಲ್ಲ, ನಿಮ್ಮವರು ಅದನ್ನು ಹೇಗೆ ಮಾಡುತ್ತಾರೆ?

ಬೋರ್ಡೋ ದ್ರಾವಣದ ಲೆಕ್ಕ ಊರಿನಲ್ಲಿ ಎಲ್ಲರ ಬಾಯಲ್ಲಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ದೊಡ್ಡಪ್ಪ ಮೈಲುತುತ್ತನ್ನು ತೂಗುತ್ತಾರೆ, ಸುಣ್ಣವನ್ನು ಡಬ್ಬದಲ್ಲಿ ಅಳೆಯುತ್ತಾರೆ. ಆ ಸುಣ್ಣ ಹಿಂದಿನ ವರ್ಷ ಬಾಯಿ ಬಿಚ್ಚಿದ ಚೀಲದ್ದು. ಗಾಳಿಗೆ ತೆರೆದಿಟ್ಟ ಸುಣ್ಣ ಕ್ರಮೇಣ ಸತ್ವ ಕಳೆದುಕೊಂಡು ಸೀಮೆಸುಣ್ಣದಂತಾಗುತ್ತದೆ, ದ್ರಾವಣದ ಹುಳಿ ಪೂರ್ತಿ ಇಳಿಯುವುದಿಲ್ಲ. ಅಕ್ಕಪಕ್ಕದ ಮನೆಗಳಿಂದಲೂ ಸುಣ್ಣ ತರಿಸಿ ಹುಡುಗಿ ಅಳೆದು ನೋಡಿದಳು. ತೆರೆದ ಚೀಲದ ಸುಣ್ಣಕ್ಕೂ ಹೊಸ ಸುಣ್ಣಕ್ಕೂ ವ್ಯತ್ಯಾಸ ಸ್ಪಷ್ಟವಿತ್ತು. ಹಳೆಯ ತಲೆಮಾರಿನವರು ದ್ರಾವಣದಲ್ಲಿ ಕತ್ತಿ ಅದ್ದಿ, ಅದಕ್ಕೆ ಕೆಂಪು ತಾಮ್ರದ ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕೆಂದು ತಿಳಿಯುತ್ತಿದ್ದರು. ಆ ಪದ್ಧತಿ ನಮ್ಮ ಮನೆಯಲ್ಲಿ ಯಾವಾಗ ಬಿಟ್ಟುಹೋಯಿತೋ ಯಾರಿಗೂ ನೆನಪಿಲ್ಲ. ಆ ವರ್ಷದ ಕಾಯಿ ಉದುರಿದ್ದು ಇದರಿಂದಲೇ ಎಂದು ಅವಳು ವರದಿಯಲ್ಲಿ ಬರೆಯಲಿಲ್ಲ. "ಅಷ್ಟು ಹೇಳಲಿಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ ಮಾವ" ಎಂದಳು. ಹಾಗೆ ಹೇಳಲು ಕಲಿತದ್ದು ನನಗೆ ಅವಳ ಅಂಕಪಟ್ಟಿಗಿಂತ ದೊಡ್ಡದಾಗಿ ಕಂಡಿತು.

ಈ ಕೊಳೆರೋಗಕ್ಕೂ ಸಂಶೋಧನೆಗೂ ನಮ್ಮಲ್ಲಿ ಹಳೆಯ ನಂಟು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ 1910ರಲ್ಲಿ ಇದೇ ರೋಗದ ಬಗ್ಗೆ ಬರೆದರು, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ತೋರಿಸಿಕೊಟ್ಟರು. ನೂರು ವರ್ಷ ಕಳೆದರೂ ತೋಟದಲ್ಲಿ ಪ್ರಶ್ನೆ ಮುಗಿದಿಲ್ಲ.

ನೇರವಾಗಿ ಕೃಷಿ ಪದವಿಗೆ ಹೋಗುವ ಮಕ್ಕಳಿಗೆ ಮೂರೋ ನಾಲ್ಕೋ ಎಂಬ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು ಇರಲಿ, ಮಹಾರಾಷ್ಟ್ರದ ದಾಪೋಲಿ, ರಾಹುರಿ ಇರಲಿ, ಕೃಷಿ ಬಿ.ಎಸ್ಸಿ. ನಾಲ್ಕು ವರ್ಷದ್ದೇ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2015ರಲ್ಲಿ 'ಸ್ಟೂಡೆಂಟ್ ರೆಡಿ' ಎಂಬ ಕಾರ್ಯಕ್ರಮ ಆರಂಭಿಸಿ, ಹಳ್ಳಿಯಲ್ಲಿದ್ದು ರೈತರೊಡನೆ ಕೆಲಸ, ಕಾರ್ಖಾನೆ ತರಬೇತಿ, ವಿದ್ಯಾರ್ಥಿ ಪ್ರಾಜೆಕ್ಟ್ ಇತ್ಯಾದಿಗಳನ್ನು ಅದರೊಳಗೆ ಸೇರಿಸಿತು. ಯೋಜನೆ ಒಳ್ಳೆಯದೇ. ಆದರೆ ನೆರೆಮನೆಯ ಹುಡುಗನೊಬ್ಬ ಒಂದು ಕೃಷಿ ಕಾಲೇಜಿನಿಂದ ತಂದ ವರದಿಯನ್ನು ನೋಡಿದೆ. ಗುಂಪಿನ ಹತ್ತು ಮಂದಿಗೂ ಒಂದೇ ವರದಿ, ಹೆಸರು ಮಾತ್ರ ಬೇರೆ. ಒಬ್ಬ ಮಾಸ್ತರರಿಗೆ ಅಷ್ಟು ಗುಂಪುಗಳಿದ್ದರೆ ಅವರಾದರೂ ಏನು ಮಾಡಿಯಾರು?

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಸಂಶೋಧನೆಯೊಂದಿಗೆ ಆನರ್ಸ್ ನಡೆಸಬೇಕಾದರೆ ಆ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶನಕ್ಕೆ ಅರ್ಹರಾದ ಕನಿಷ್ಠ ಇಬ್ಬರು ಕಾಯಂ ಅಧ್ಯಾಪಕರು ಇರಬೇಕೆಂದು ಯುಜಿಸಿಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಾಲೇಜುಗಳಲ್ಲಿ ನಿವೃತ್ತರ ಜಾಗಗಳು ಖಾಲಿ ಬಿದ್ದು, ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವ ಅಧ್ಯಾಪಕರೇ ತುಂಬಿದ್ದಾರೆ. ತಾಸಿಗೆ ಇಷ್ಟು ಎಂದು ದುಡಿದು ಮಧ್ಯಾಹ್ನ ಇನ್ನೊಂದು ಕಾಲೇಜಿಗೆ ಲೋಕಲ್ ಹಿಡಿಯುವವರು ಹಾಳಾದ ತಟ್ಟೆಯ ಮುಂದೆ ವಿದ್ಯಾರ್ಥಿನಿಯ ಜತೆ ಕುಳಿತುಕೊಳ್ಳಲು ಸಾಧ್ಯವೇ? ಆ ಕೆಲಸಕ್ಕೆ ಯಾವ ವೋಚರೂ ಇಲ್ಲ. ನನ್ನ ಸಂಜೆ ಕಾಲೇಜಿನಲ್ಲೂ ಇದೇ ಸ್ಥಿತಿ ಇತ್ತು. ತುಂಬಿದ ತರಗತಿ, ಕೊನೆಯ ಗಾಡಿ ಹಿಡಿಯುವ ಅವಸರದ ಮಾಸ್ತರರು. ಮೂರು ವರ್ಷದಲ್ಲಿ ನಾನು ಒಬ್ಬರಲ್ಲೂ ಒಂದು ಪ್ರಶ್ನೆ ಕೇಳಿದ ನೆನಪಿಲ್ಲ.

ಶೇ. 75ರ ಗೆರೆಯೂ ನನಗೆ ಒಪ್ಪಿಗೆಯಾಗಿಲ್ಲ. ಉತ್ತರಪತ್ರಿಕೆಯಲ್ಲಿ ಚುರುಕಾದವರೆಲ್ಲ ಕೈಕೆಲಸದಲ್ಲಿ ತಾಳ್ಮೆಯವರಲ್ಲ, 68 ತೆಗೆದ ಮಗುವಿನೊಳಗೆ ಒಳ್ಳೆಯ ಸಂಶೋಧಕ ಇರಬಹುದು. ಕರ್ನಾಟಕ ಮರಳಿ ಮೂರು ವರ್ಷಕ್ಕೆ ಹೋದದ್ದರಲ್ಲೂ ಅರ್ಧ ನ್ಯಾಯ ಇದೆ. ಪ್ರಯೋಗಶಾಲೆಯೂ ಇಲ್ಲದ, ಅಧ್ಯಾಪಕರೂ ಇಲ್ಲದ ಕಡೆ ಇನ್ನೊಂದು ವರ್ಷದ ಫೀಸು ಬಡ ಪಾಲಕರ ಮೇಲೆ ಹೊರೆಯೇ. ಆದರೆ ವರ್ಷವನ್ನು ಕಡಿತ ಮಾಡಿದ ಮಾತ್ರಕ್ಕೆ ಅಧ್ಯಾಪಕರು ಹುಟ್ಟಿಕೊಳ್ಳುವುದಿಲ್ಲ, ಆ ಪ್ರಶ್ನೆ ಅಲ್ಲಿಯೂ ಉಳಿದಿದೆ.

ಕಾಲೇಜಿನಲ್ಲಿ ಮಾರ್ಗದರ್ಶಕರು ಸಿಗದಿದ್ದರೆ ಹೊರಗೆ ದಾರಿಗಳಿವೆ, ನಮ್ಮವರಿಗೆ ಹೆಚ್ಚಾಗಿ ತಿಳಿದಿಲ್ಲ. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಿಂದ 'ನಿಯಸ್' ಕಾರ್ಯಕ್ರಮ ನಡೆಸುತ್ತಿದೆ. ಪದವಿಯ ಆರಂಭದ ವರ್ಷಗಳ ವಿದ್ಯಾರ್ಥಿಗಳನ್ನು ಆರಿಸಿ ವಿಜ್ಞಾನಿಗಳ ಜತೆ ಪ್ರಾಜೆಕ್ಟ್ ಮಾಡಿಸುತ್ತಾರೆ, ಜೀವವಿಜ್ಞಾನವೂ ಅದರಲ್ಲಿ ಸೇರಿದೆ. ಹಾರ್ಬರ್ ಲೈನಿನಲ್ಲಿ ದಿನವೂ ಮಾನ್‌ಖುರ್ದ್ ದಾಟುವ ನಮ್ಮ ಎಷ್ಟು ಮಂದಿಗೆ ಇದು ಗೊತ್ತು? ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ಸೇರಿ ಬೇಸಗೆ ರಜೆಯಲ್ಲಿ ಎರಡು ತಿಂಗಳ ಫೆಲೋಶಿಪ್ ನೀಡುತ್ತದೆ. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವೆ 2006ರಿಂದ ನಡೆಯುವ 'ಆವಿಷ್ಕಾರ್' ಸಂಶೋಧನಾ ಸಮ್ಮೇಳನದಲ್ಲಿ ಕೃಷಿ ಮತ್ತು ಪಶುಸಂಗೋಪನೆಗೆ ಬೇರೆಯೇ ವಿಭಾಗವಿದ್ದು ಪದವಿ ವಿದ್ಯಾರ್ಥಿಗಳೂ ಭಾಗವಹಿಸಬಹುದು. ಕೆಲವರು ಈಗಲೂ ಕೆವಿಪಿವೈ ಪರೀಕ್ಷೆ ಬಗ್ಗೆ ವಿಚಾರಿಸುತ್ತಾರೆ. ಅದು 2022ರಲ್ಲೇ ನಿಂತು ಇನ್‌ಸ್ಪೈರ್ ಯೋಜನೆಯಲ್ಲಿ ಲೀನವಾಗಿದೆ.

ನಮ್ಮ ಸಂಘಗಳಿಗೂ ಒಂದು ಮಾತು. ತಂಗಿಯ ಮಗಳ ಪ್ರಾಜೆಕ್ಟಿಗೆ ತಗಲಿದ ಖರ್ಚು ಬಸ್ಸಿನ ಪಾರ್ಸೆಲ್, ಸ್ವಲ್ಪ ರಾಸಾಯನಿಕ, ಒಮ್ಮೆ ಊರಿಗೆ ಹೋಗಿ ಬಂದ ಟಿಕೆಟ್. ಶಾಲು, ಹೂಗುಚ್ಛಗಳ ಬಾಬ್ತಿನಲ್ಲಿ ಅಂಥ ಎರಡು ಮೂರು ಪ್ರಾಜೆಕ್ಟುಗಳ ಖರ್ಚು ಹೊರಡುತ್ತದೆ. ಮುಂದಿನ ಮಹಾಸಭೆಯಲ್ಲಿ ನಾನು ಇದನ್ನು ಠರಾವಿನ ರೂಪದಲ್ಲಿ ಇಡುವವನಿದ್ದೇನೆ, ಅನುಮೋದಿಸುವವರು ಬೇಕು.

ಊಟದ ಸಾಲಿನ ಆ ಮೂವರಿಗೆ ಅಂದು ಸರಿಯಾಗಿ ಉತ್ತರಿಸಲಾಗಿರಲಿಲ್ಲ. ನಾಲ್ಕನೆಯ ವರ್ಷದ ಫಾರ್ಮು ತುಂಬುವ ಮೊದಲು ಮಗಳನ್ನು ಕರೆದುಕೊಂಡು ವಿಭಾಗದ ಮುಖ್ಯಸ್ಥರಲ್ಲಿಗೆ ಹೋಗಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಒಬ್ಬರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ವಿಷಯವನ್ನು ಮಕ್ಕಳೇ ಆರಿಸಬಹುದೇ, ಪ್ರಯೋಗಶಾಲೆ ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ರಾಸಾಯನಿಕಕ್ಕೆ ಬೇರೆ ಹಣ ಕಟ್ಟಬೇಕೇ ಎಂದು ಕೇಳಿ. ಹಿಂದಿನ ವರ್ಷದ ಒಂದು ಪ್ರಾಜೆಕ್ಟ್ ನೋಟ್‌ಬುಕ್ ತೋರಿಸಿ ಎಂದೂ ಕೇಳಿ. ಅದರಲ್ಲಿ ಹಾಳಾದ ಪ್ರಯೋಗಗಳೂ ಬರೆದಿದ್ದರೆ ಫೀಸು ಕಟ್ಟಬಹುದು.