ರಿಯಾಯಿತಿ ಯಾರ ಸೂರಿಗೆ?

ಮನೆ ಕಟ್ಟುವವರು ಕಟ್ಟುವ ವೆಚ್ಚವನ್ನು ಲೆಕ್ಕ ಹಾಕುತ್ತಾರೆ. ಅದರಲ್ಲಿ ಬಾಳುವ ವೆಚ್ಚವನ್ನು ಲೆಕ್ಕ ಹಾಕುವವರು ವಿರಳ. ವಿದ್ಯುತ್ ಉಳಿಸುವ ಮನೆಗಳಿಗೆ ನೀಡುವ ರಿಯಾಯಿತಿಗಳ ಉದ್ದೇಶ ಈ ಎರಡನೆಯ ಲೆಕ್ಕವನ್ನು ನೆನಪಿಸುವುದೇ ಆಗಿದೆ. ಆದರೆ ಅವು ಯಾರ ಕೈಸೇರುತ್ತವೆ ಎಂಬುದೂ ವಿಚಾರಾರ್ಹ.

ಕರ್ನಾಟಕದ ವಿದ್ಯುತ್ ದರಪಟ್ಟಿಗಳು ಹಲವು ವರ್ಷ, ಸೋಲಾರ್ ವಾಟರ್ ಹೀಟರ್ ಅಳವಡಿಸಿದ ಮನೆಗಳಿಗೆ ಬಳಸಿದ ಪ್ರತಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ನೀಡುತ್ತ ಬಂದವು. 100 ಯೂನಿಟ್ ಬಳಸಿದವರಿಗೆ 50 ರೂಪಾಯಿ. 30 ಯೂನಿಟ್ಟಿನಲ್ಲಿ ಸಂಸಾರ ಸಾಗಿಸಿದವರಿಗೆ 15 ರೂಪಾಯಿ. ಮಿತವ್ಯಯದ ಬಹುಮಾನವನ್ನು ಬಳಕೆಯಿಂದಲೇ ಅಳೆದಂತಾಯಿತು.

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯ ಕೊಡುಗೆ ಇದಕ್ಕಿಂತ ದೊಡ್ಡದು. ಛಾವಣಿಯ ಸೌರ ವಿದ್ಯುತ್ ಘಟಕಕ್ಕೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನವನ್ನು ಅದು ಗೊತ್ತುಪಡಿಸಿತು. ಬ್ಯಾಂಕ್ ಸಾಲಕ್ಕೂ ಅವಕಾಶ ಕಲ್ಪಿಸಿತು. ಆದರೆ ಸಹಾಯಧನ ಖಾತೆಗೆ ಬರುವುದು ಘಟಕ ಕಾರ್ಯಾರಂಭಗೊಂಡ ಬಳಿಕ. ಸ್ವಂತ ಛಾವಣಿ ಇದ್ದು, ಮುಂಗಡ ಹಣವೋ ಸಾಲ ತೀರಿಸುವ ಶಕ್ತಿಯೋ ಉಳ್ಳವರಿಗೆ ಅದು ವರದಾನ. ಬಾಡಿಗೆ ಮನೆಯ ಕುಟುಂಬಕ್ಕೆ, ಕೂಲಿಯಿಂದಲೇ ಬದುಕುವ ವಿಧವೆಗೆ ದೂರದ ಮಾತು.

ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರದ 180ನೆಯ ಪರಿಚ್ಛೇದವು, ಕಡಿಮೆ ಇಂಧನ ಬೇಡುವ ಕಟ್ಟಡಗಳ ನಿರ್ಮಾಣ ಹಾಗೂ ದುರಸ್ತಿಗೆ ಪ್ರೋತ್ಸಾಹ ನೀಡುವುದನ್ನು ಸ್ಥಳೀಯ ಆಡಳಿತದ ಕಾರ್ಯಗಳಲ್ಲಿ ಎಣಿಸಿದೆ. ಸೃಷ್ಟಿಯ ರಕ್ಷಣೆಯನ್ನೂ ಬಡವರ ಕಾಳಜಿಯನ್ನೂ ಅದು ಎಲ್ಲಿಯೂ ಬೇರ್ಪಡಿಸಿಲ್ಲ. ಹೀಗಿರುವಾಗ, ಉಳ್ಳವರ ಛಾವಣಿಗೆ ಮಾತ್ರ ತಲಪುವ ರಿಯಾಯಿತಿಯಿಂದ ಪರಿಸರಕ್ಕೆ ಹಿತವಾದರೂ ನ್ಯಾಯ ಪೂರ್ಣವಾಗದು.

ಸರಕಾರ ಬಿಟ್ಟ ಈ ತೆರವನ್ನು ನಮ್ಮ ಧರ್ಮಕೇಂದ್ರಗಳು ಸ್ವಲ್ಪಮಟ್ಟಿಗಾದರೂ ತುಂಬಬಲ್ಲವು. ಬಡಕುಟುಂಬಗಳಿಗೆ ಮನೆ ಕಟ್ಟಿಕೊಡುವ ಸಂಘಗಳು ನಕ್ಷೆಯ ಹಂತದಲ್ಲೇ ಗಾಳಿಗೆ ಎದುರುಬದುರು ಕಿಟಕಿ, ಬಿಸಿಲು ತಡೆಯುವ ಅಗಲವಾದ ಸೂರಂಚು, ನೆರಳು ಬೀಳದ ಛಾವಣಿಯ ಭಾಗ ಇವನ್ನು ಗೊತ್ತುಮಾಡಲಿ. ಇವುಗಳಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮುಂದಾಲೋಚನೆ. ಸಹಾಯಧನ ಬರುವ ತನಕದ ಮುಂಗಡವನ್ನು ಸಮುದಾಯದ ಸಹಕಾರಿ ಸಂಘಗಳು ಅಲ್ಪ ಬಡ್ಡಿಗೆ ಒದಗಿಸಲಿ. ಅರ್ಜಿ ತುಂಬಲು ಅರಿಯದ ವೃದ್ಧರಿಗೆ ಯುವಜನರು ನೆರವಾಗಲಿ. ಸೂರ್ಯನು ಎಲ್ಲರ ಮೇಲೂ ಉದಯಿಸುವಂತೆ ದೇವರು ಮಾಡಿದ್ದಾರೆ. ಅದರ ಪ್ರಯೋಜನವೂ ಎಲ್ಲರ ಮನೆಗೆ ತಲಪುವಂತೆ ಮಾಡುವ ಹೊಣೆ ನಮ್ಮದು.