ಸುಲಿಯುವವರು ಯಾರು?

ಕಳೆದ ಚಳಿಗಾಲದಲ್ಲಿ ಮದುವೆಯ ಜವಳಿಗೆಂದು ಕಲಬುರಗಿಗೆ ಹೋದವರು ಮಧ್ಯಾಹ್ನ ಹೊಸದಾಗಿ ತೆರೆದ ಹೋಟೆಲೊಂದನ್ನು ಹೊಕ್ಕೆವು. ಗೋಡೆಗೆ ಮೊರ, ಜರಡಿ, ಎತ್ತಿನ ಗೆಜ್ಜೆಸರ ತೂಗುಹಾಕಿದ್ದರು. ಕೈಗೆ ಕೊಟ್ಟ ಪಟ್ಟಿಯಲ್ಲಿ 'ಹೊಲದಿಂದ ತಟ್ಟೆಗೆ: ಚಳಿಗಾಲದ ವಿಶೇಷ ಊಟ' ಎಂದಿತ್ತು. ಅದರ ಕೆಳಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಅಗಸಿ ಹಿಂಡಿ. ಬೆಲೆ 400 ರೂಪಾಯಿ. ತುದಿಯಲ್ಲಿ 'ಅಜ್ಜಿಯ ಕೈರುಚಿ' ಎಂಬ ಒಕ್ಕಣೆ.

ಭಜ್ಜಿ ಬಂತು. ಅದರಲ್ಲಿ ಬಟಾಣಿ ಇತ್ತು, ಹಸಿ ತೊಗರಿ ಇರಲಿಲ್ಲ. ಜಿಲ್ಲೆಯ ಉದ್ದಗಲಕ್ಕೂ ತೊಗರಿ ಕಾಯಿಬಿಟ್ಟು ನಿಂತಿರುವ ಕಾಲ! 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೇಳೆಯ ನಾಡಿದು. ಬಡಿಸುವ ಹುಡುಗನನ್ನು ಕೇಳಿದೆ. ಅವನು ಪಾಪ, ಇದ್ದದ್ದನ್ನೇ ಹೇಳಿದ: "ಹಸಿ ತೊಗರಿ ಸುಲಿಯೋರು ಯಾರ್ರೀ ಅಕ್ಕಾರ? ಬಟಾಣಿ ಆದ್ರ ಸುಲಿದದ್ದೇ ಪಾಕೀಟಿನ್ಯಾಗ ಬರ್ತದ."

ಸುಲಿಯುವವರು ಯಾರು? ಆ ಹುಡುಗ ಅರಿಯದೆ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹೆಣ್ಣುಮಕ್ಕಳಿಗೆ ಎಳ್ಳ ಅಮಾವಾಸ್ಯೆಯನ್ನು ವಿವರಿಸಬೇಕಾಗಿಲ್ಲ. ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುವ ಆ ಹಬ್ಬದ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲು ಪಾಂಡವರೆಂದು ಇಟ್ಟು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಊಟಕ್ಕೆ ಕೂಡುತ್ತೇವೆ. ಬಿಳಿಜೋಳ ಆಗ ಹೊಡೆ ತುಂಬಿಕೊಂಡಿರುತ್ತದೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಇದು ಎಂದು ಹಿರಿಯರು ಹೇಳುತ್ತಾರೆ. ಮೊದಲ ತುತ್ತು ಅವಳಿಗೆ. ಪಕ್ಕದ ಹೊಲದವರು, ದಾರಿಹೋಕರು, ತುಂಡುಭೂಮಿಯೂ ಇಲ್ಲದ ಕೂಲಿಯವರು, ಯಾರು ಬಂದರೂ ಎಲೆ ಹಾಕಲೇಬೇಕು. ವಾಡಿಯ ಸಿಮೆಂಟ್ ಕಾರ್ಖಾನೆಯ ವಸತಿಗಳಿಂದ, ಶಹಾಬಾದಿನ ಕಲ್ಲುಗಣಿಯ ಓಣಿಗಳಿಂದ ಜನ ತಮ್ಮ ತಮ್ಮ ಹಳ್ಳಿಗೆ ಹೋಗುವುದು ಇದಕ್ಕಾಗಿಯೇ.

ಭಜ್ಜಿಯನ್ನೇ ನೋಡಿ. ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯೆ, ಪುಂಡಿಪಲ್ಲೆ, ಉಳ್ಳಾಗಡ್ಡಿ ತೊಪ್ಪಲು, ಗಜ್ಜರಿ, ಬದನೆಕಾಯಿ, ಎಲ್ಲ ಕೂಡಿಸಿ ಬೇಯಿಸಿ, ಹುಣಸೆ ಹುಳಿ ಹಿಂಡಿ, ಕಡಲೆ ಹಿಟ್ಟು ಕದಡುತ್ತಾರೆ. ಇಷ್ಟೆಲ್ಲ ಹಸಿಯಾಗಿ ಒಟ್ಟಿಗೆ ಸಿಗುವುದು ವರ್ಷದಲ್ಲಿ ಕೆಲವೇ ವಾರ. ಈ ಅಡುಗೆಯನ್ನು ಗೊತ್ತುಮಾಡಿದ್ದು ಹೊಲ, ಯಾವ ಹೋಟೆಲಿನ ಯಜಮಾನನೂ ಅಲ್ಲ. ನಮ್ಮ ಕೈಗೆ ಬಂದ ಪಟ್ಟಿಗೆ ಪ್ಲಾಸ್ಟಿಕ್ಕು ಹೊದಿಸಿದ್ದರು. ಬೇಸಿಗೆ ಬಂದರೂ ಅದು ಬದಲಾಗುವಂತೆ ಕಾಣಲಿಲ್ಲ.

ಇಷ್ಟು ಹೇಳಿದರೆ, 'ಅನ್ನ ಮಾರಬಾರದು, ಹಬ್ಬದ ಅಡುಗೆ ಹೋಟೆಲಿಗೆ ಬರಬಾರದು' ಎನ್ನುವವರ ಸಾಲಿಗೆ ನನ್ನನ್ನು ಸೇರಿಸಿಬಿಡುತ್ತಾರೆ. ಆ ಸಾಲು ನನಗೆ ಬೇಡ. ನಮ್ಮ ಊರುಗಳಲ್ಲಿ ಗಂಡ ಸತ್ತವರು, ಗಂಡ ಬಿಟ್ಟವರು ಎಷ್ಟು ಜನ ಖಾನಾವಳಿಗೆ ರೊಟ್ಟಿ ಬಡಿದು ಮಕ್ಕಳನ್ನು ಓದಿಸಿಲ್ಲ! ಇತ್ತೀಚೆಗೆ ಜಿಲ್ಲಾಡಳಿತವೇ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘದ ಮಹಿಳೆಯರ ರೊಟ್ಟಿಗೆ ಮಾರುಕಟ್ಟೆ ಒದಗಿಸಲು ಮುಂದಾಗಿದೆ. ಒಳ್ಳೆಯ ಕೆಲಸ. ಮಾರುವುದು ತಪ್ಪಲ್ಲ. ಮಾಡಿದವಳನ್ನು ಮರೆಸಿ ಮಾರುವುದು ತಪ್ಪು.

ಊಟ ಮುಗಿಸಿ ಕೈ ತೊಳೆಯಲು ಹೋದಾಗ ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಮೂವರು ಹೆಂಗಸರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. "ಯಾವೂರವ್ವ?" ಎಂದೆ. "ಸೇಡಂ ಕಡೇವ್ರು ರೀ" ಎಂದಳು ಒಬ್ಬಳು. ಎಷ್ಟು ಕೊಡುತ್ತಾರೆಂದು ಕೇಳಿದೆ. ಅವಳು ನಕ್ಕಳು. "ನಮ್ಮ ಒಂದು ದಿನದ ಪಗಾರದಾಗ ಇಲ್ಲಿ ಒಂದು ಊಟ ಬರಂಗಿಲ್ರೀ ಯವ್ವಾ." 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಸರಕಾರದ ಲೆಕ್ಕದಲ್ಲೂ ಬಿಸಿಲಿನಲ್ಲಿ ದಿನವಿಡೀ ಮಣ್ಣು ಹೊತ್ತವಳಿಗೆ ಆ ತಟ್ಟೆ ಎಟುಕುವುದಿಲ್ಲ. ಅಜ್ಜಿಯ ಕೈರುಚಿಯಂತೆ! ಆ ಅಜ್ಜಿ ಒಳಗೇ ಕೂತಿದ್ದಾಳೆ. ಹೊರಗೆ ಅವಳ ಮೊರಕ್ಕೆ ಮಾತ್ರ ಗೋಡೆಯ ಮೇಲೆ ಜಾಗ.

ಹೋಟೆಲಿನವನನ್ನು ಬಯ್ದು ಮುಗಿಸುವುದು ಸುಲಭ. ಆದರೆ ಮನೆಯಲ್ಲಿ ನಾವು ನಡೆಸಿಕೊಂಡು ಬಂದದ್ದೇನು? ಅಮಾವಾಸ್ಯೆಯ ಹಿಂದಿನ ರಾತ್ರಿ ನನ್ನ ಅವ್ವ ಮಲಗಿದ್ದನ್ನು ನಾನು ಕಂಡಿಲ್ಲ. ಸಂಜೆಯಿಂದ ಕಾಯಿ ಸುಲಿದು ಸುಲಿದು ಅವಳ ಹೆಬ್ಬೆರಳ ಉಗುರು ಕಪ್ಪಾಗಿರುತ್ತಿತ್ತು. ನಸುಕಿಗೆ ರೊಟ್ಟಿ, ಹೊತ್ತೇರುವಷ್ಟರಲ್ಲಿ ಹೋಳಿಗೆ. ಬುತ್ತಿ ತಲೆಯ ಮೇಲೆ ಹೊತ್ತವಳೂ ಅವಳೇ. ಹೊಲದಲ್ಲಿ ಗಂಡಸರು ಉಂಡು ಬೇವಿನ ನೆರಳಿಗೆ ಒರಗಿದ ಮೇಲೆ ಅವಳ ಸರದಿ. ಆಗ ಭಜ್ಜಿ ಪಾತ್ರೆಯ ತಳದಲ್ಲಿರುತ್ತಿತ್ತು. ಬಸುರಿ ಭೂಮಿಗೆ ಮೊದಲ ತುತ್ತು ಕೊಡಬೇಕೆಂದು ತಿಳಿದ ಜನಕ್ಕೆ ಅಡುಗೆ ಮಾಡಿದವಳು ಉಪವಾಸ ಇದ್ದಾಳೆಂದು ತಿಳಿಯಲಿಲ್ಲ. ಈಗ ಅದೇ ಮನೆಯ ಗಂಡುಮಕ್ಕಳು ಹೋಟೆಲಿನಲ್ಲಿ ಕೂತು 'ಅವ್ವನ ಅಡುಗೆ ನೆನಪಾಯಿತು' ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ನೆನಪಾಗಬೇಕಾದದ್ದು ಅವ್ವನ ಉಗುರು.

ಇದೇ ಸೇಡಂ ತಾಲ್ಲೂಕಿನ ಮಳಖೇಡದಿಂದ ರಾಷ್ಟ್ರಕೂಟರು ಆಳಿದರು. ಅಮೋಘವರ್ಷನ ಹೆಸರು ನಮ್ಮ ಮಕ್ಕಳ ಬಾಯಲ್ಲಿದೆ. ಅವನ ದಂಡಿಗೆ ರೊಟ್ಟಿ ಬಡಿದವಳ ಹೆಸರು ಯಾವ ಶಾಸನದಲ್ಲಿದೆ? ಅಂದಿನಿಂದ ಇಂದಿನ ಪ್ಲಾಸ್ಟಿಕ್ ಹೊದಿಸಿದ ಪಟ್ಟಿಯವರೆಗೆ ನಡೆದುಬಂದದ್ದು ಒಂದೇ ದಾರಿ.

ಇನ್ನು ಹೊಲದ ಮಾತು. ನಮ್ಮ ಕರಿಮಣ್ಣಿನ ಕೆಳಗೆ ಸುಣ್ಣದ ಕಲ್ಲಿದೆ, ಶಹಾಬಾದಿ ಫರ್ಸಿ ಇದೆ. ಅದಕ್ಕಾಗಿ ಹೊಲಗಳು ಗಣಿಯಾದವು. ಗಣಿಗೆ ಹೋದ ಹೊಲದಲ್ಲಿ ಚರಗ ಚೆಲ್ಲುವುದು ಎಲ್ಲಿ? ಹೊಲ ಕಳೆದುಕೊಂಡವರು ಈಗ ಸಂತೆಯಿಂದ ಕಾಳು ತಂದು ಭಜ್ಜಿ ಮಾಡುತ್ತಾರೆ. 'ಹೊಲದಿಂದ ತಟ್ಟೆಗೆ' ಎಂದು ಬರೆಯುವವರು ಯಾವ ಊರಿನ ಹೊಲ, ಯಾರ ಹೊಲ ಎಂಬುದನ್ನೂ ಬರೆಯಲಿ.

ನಾನು ಕೇಳುವುದು ಹೆಚ್ಚಲ್ಲ. ಚಳಿಗಾಲದ ಊಟವನ್ನು ಚಳಿಗಾಲದಲ್ಲೇ ಮಾರಲಿ. ಹಸಿ ತೊಗರಿಯನ್ನು ಚಿಂಚೋಳಿಯ, ಚಿತ್ತಾಪುರದ ರೈತನ ಕೈಯಿಂದ ನೇರ ಕೊಳ್ಳಲಿ, ಸುಲಿಯುವುದಕ್ಕೆ ಬೇರೆ ಕೂಲಿ ಕೊಡಲಿ. ರೊಟ್ಟಿ ಬಡಿಯುವವಳ ಹೆಸರನ್ನು ಪಟ್ಟಿಯಲ್ಲಿ ಅಚ್ಚುಹಾಕಲಿ. ತಟ್ಟೆಗೆ 400 ಹೇಳುವ ಧೈರ್ಯ ಇದ್ದವರಿಗೆ ಇವಳ ಪಗಾರ ಏರಿಸುವ ಧೈರ್ಯವೂ ಬರಲಿ. ಊಟಕ್ಕೆ ಹೋದ ನಾವೂ ಸುಮ್ಮನೆ ಉಂಡು ಬರಬಾರದು, ಇದನ್ನೆಲ್ಲ ಕೇಳಬೇಕು.

ಮನೆಯಲ್ಲಿ? ಈ ಸಲ ಅಮಾವಾಸ್ಯೆಯ ಹಿಂದಿನ ಸಂಜೆ ನಾನು ತೊಗರಿಕಾಯಿಯ ಬುಟ್ಟಿಯನ್ನು ಟೀವಿಯ ಮುಂದೆ, ನಮ್ಮ ಮನೆಯವರ ಮತ್ತು ಮಗನ ನಡುವೆ ಇಟ್ಟೆ. "ಇದೇನು?" ಎಂದರು. "ಸುಲೀರಿ" ಎಂದೆ. ಮೊದಲು ನಕ್ಕರು. ನಾನು ನಗಲಿಲ್ಲ. ಬುಟ್ಟಿ ಖಾಲಿಯಾಗಲು ರಾತ್ರಿ ಹತ್ತೂವರೆ ಆಯಿತು. ಮಗ ತನ್ನ ಹೆಬ್ಬೆರಳು ನೋಡಿಕೊಂಡು, "ಅವ್ವಾ, ಉಗುರು ಉರೀತದ" ಎಂದ.

ಉರಿಯಲಿ ಮಗನೇ, ಎಂದುಕೊಂಡು ನಾನು ಬೇಗ ಮಲಗಿದೆ.