ಸಂಸಾರ ಚಿಂತನ: ದುಬಾರಿ ಗಣಕಯಂತ್ರ ಬೇಕೆ?



ಪಿ.ಯು.ಸಿ. ಫಲಿತಾಂಶ ಪ್ರಕಟವಾಗಿ, ವೃತ್ತಿ ಶಿಕ್ಷಣದ ಸೀಟುಗಳ ಹಂಚಿಕೆ ಮುಗಿಯುವ ವೇಳೆಗೆ ನಮ್ಮ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ತಲೆದೋರುತ್ತದೆ. ಕಾಲೇಜು ಸೇರುವ ಮಗನಿಗೋ ಮಗಳಿಗೋ ಯಾವ ಗಣಕಯಂತ್ರವನ್ನು ಕೊಡಿಸಬೇಕು? ಹೆಸರಾಂತ ಸಂಸ್ಥೆಯ, ಲಕ್ಷ ರೂಪಾಯಿಗಳ ಸಮೀಪಕ್ಕೆ ಬರುವ ಯಂತ್ರವನ್ನು ಮಕ್ಕಳು ಬಯಸುತ್ತಾರೆ. ಅರ್ಧ ಬೆಲೆಯದು ಸಾಲದೇ ಎಂದು ತಂದೆ ಚಿಂತಿಸುತ್ತಾರೆ. ಮಗುವಿನ ಮನಸ್ಸು ನೋಯಬಾರದೆಂದು ತಾಯಿ ತನ್ನ ಉಳಿತಾಯದ ಗಂಟನ್ನು ಬಿಚ್ಚುತ್ತಾಳೆ. ಈ ವಿಷಯವನ್ನು ಅಭಿಮಾನ, ತಿರಸ್ಕಾರಗಳೆರಡನ್ನೂ ಬದಿಗಿರಿಸಿ ಶಾಂತಚಿತ್ತದಿಂದ ವಿಚಾರಿಸುವುದು ಅಗತ್ಯ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2021ರಲ್ಲಿ ನನ್ನ ತಂಗಿಯ ಮಗಳಿಗೆ ಸಿವಿಲ್ ಎಂಜಿನಿಯರಿಂಗ್ ಸೀಟು ದೊರೆಯಿತು. ಮೆಣಸಿನಕಾಯಿ ಮಾರಿ ಬಂದ ಹಣವನ್ನು ಕೈಯಲ್ಲಿ ಹಿಡಿದು ಅವಳ ತಂದೆ ನನ್ನ ಸಲಹೆ ಕೇಳಿದರು. ಒಂದು ಪ್ರತಿಷ್ಠಿತ ಸಂಸ್ಥೆಯ ತೆಳ್ಳನೆಯ, ಹಗುರವಾದ ಯಂತ್ರವನ್ನು ನಾನೇ ಸೂಚಿಸಿದೆ. 8 ಜಿ.ಬಿ. ಮೆಮೊರಿ ಸಾಕು, ಬೇಕಾದರೆ ಮುಂದೆ ಹೆಚ್ಚಿಸಿಕೊಂಡರಾಯಿತು ಎಂದು ಧೈರ್ಯವನ್ನೂ ಹೇಳಿದೆ. ಮೂರನೆಯ ವರ್ಷಕ್ಕೆ ಬಂದಾಗ ಕಟ್ಟಡಗಳ ವಿನ್ಯಾಸ ರಚಿಸುವ ತಂತ್ರಾಂಶಗಳಿಗೆ ಅದು ಸಾಲದಾಯಿತು. ದುರಸ್ತಿಯವನು ಯಂತ್ರವನ್ನು ಬಿಚ್ಚಿ ತೋರಿಸಿದ. ಮೆಮೊರಿಯನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿದ್ದರು. ಹೆಚ್ಚಿಸಲು ಜಾಗವೇ ಇರಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ನನ್ನ ಸಲಹೆಯಲ್ಲಿ. ವಿಚಾರಿಸದೆ ಹೇಳಿದ ಒಂದು ಮಾತಿನಿಂದ ಒಬ್ಬ ರೈತನ ಒಂದು ಬೆಳೆಯ ಹಣ ಅರ್ಧ ಫಲವನ್ನಷ್ಟೇ ಕೊಟ್ಟಿತು.

ಹೀಗೆ ಮುಚ್ಚಿದ ಪೆಟ್ಟಿಗೆಯಂತಿರುವ ಗಣಕಯಂತ್ರಗಳು ಇಂದು ನಿನ್ನೆಯವಲ್ಲ. ಇವುಗಳ ವಿಷಯ ಬಂದಾಗ ಎಲ್ಲರಿಗೂ ಮೊದಲು ನೆನಪಾಗುವುದು ಅಮೆರಿಕದ ಆ್ಯಪಲ್ ಸಂಸ್ಥೆ. ಸ್ಟೀವ್ ವೋಜ್ನಿಯಾಕ್ ರೂಪಿಸಿ 1977ರಲ್ಲಿ ಹೊರತಂದ ಆ್ಯಪಲ್ 2 ಯಂತ್ರದ ಮುಚ್ಚಳವನ್ನು ಯಾರು ಬೇಕಾದರೂ ಎತ್ತಬಹುದಾಗಿತ್ತು. ಹೊಸ ಭಾಗಗಳನ್ನು ಸೇರಿಸಲು ಅದರೊಳಗೆ 8 ಕಿಂಡಿಗಳಿದ್ದವು. ಅದೇ ಸಂಸ್ಥೆ, ಸ್ಟೀವ್ ಜಾಬ್ಸ್ ಅವರ ಮುಂದಾಳತನದಲ್ಲಿ 1984ರ ಜನವರಿಯಲ್ಲಿ ತಂದ ಮ್ಯಾಕಿಂಟಾಷ್ ಯಂತ್ರದಲ್ಲಿ ಅಂತಹ ಕಿಂಡಿಗಳಿರಲಿಲ್ಲ. ಅದರ 128 ಕೆ.ಬಿ. ಮೆಮೊರಿಯನ್ನು ಫಲಕಕ್ಕೆ ಬೆಸೆಯಲಾಗಿತ್ತು. ಪೆಟ್ಟಿಗೆ ತೆರೆಯಲು ಸಾಮಾನ್ಯ ಮನೆಗಳಲ್ಲಿರದ ಉದ್ದನೆಯ ತಿರುಪುಳಿ ಬೇಕಾಗಿತ್ತು. ಬಳಸುವವನೇ ಯಂತ್ರದ ಒಡೆಯನೆಂಬ ಭಾವನೆ, ರೂಪಿಸಿದವನೇ ಅದರ ಒಳಿತನ್ನು ಬಲ್ಲವನೆಂಬ ಭಾವನೆ, ಇವೆರಡೂ ಒಂದೇ ಮನೆಯಲ್ಲಿ ಹುಟ್ಟಿದವು ಎಂಬುದು ವಿಶೇಷ. ಮುಂದೆ 2008ರ ಮ್ಯಾಕ್‌ಬುಕ್ ಏರ್ ಹಾಗೂ 2012ರ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಎರಡನೆಯ ದಾರಿಯಲ್ಲೇ ಸಾಗಿದವು. ಈಗ ಇದು ಒಂದೇ ಸಂಸ್ಥೆಯ ಪದ್ಧತಿಯಾಗಿಯೂ ಉಳಿದಿಲ್ಲ. ವಿಂಡೋಸ್ ನಡೆಸುವ ಅನೇಕ ತೆಳ್ಳನೆಯ ದುಬಾರಿ ಯಂತ್ರಗಳಲ್ಲಿಯೂ ಮೆಮೊರಿಯನ್ನು ಬೆಸೆದೇ ಕೊಡುತ್ತಾರೆ.

ಇದೆಲ್ಲವೂ ವ್ಯಾಪಾರಿಯ ದುರಾಸೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. 2020ರ ನವೆಂಬರಿನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಉಳ್ಳ ಯಂತ್ರಗಳನ್ನು ತಂದಿತು. ಅದರಲ್ಲಿ ಮೆಮೊರಿಯನ್ನು ಚಿಪ್ಪಿನ ಮಗ್ಗುಲಲ್ಲೇ, ಒಂದೇ ಕವಚದೊಳಗೆ ಕೂರಿಸಿದರು. ಲೆಕ್ಕ ಮಾಡುವ ಭಾಗವೂ ಚಿತ್ರ ಮೂಡಿಸುವ ಭಾಗವೂ ಅದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಮಾಹಿತಿ ಚಲಿಸುವ ದೂರ ಕಡಿಮೆಯಾದಷ್ಟೂ ವೇಗ ಹೆಚ್ಚುತ್ತದೆ, ವಿದ್ಯುತ್ತು ಉಳಿಯುತ್ತದೆ. ಆ ವರ್ಷದ ಮ್ಯಾಕ್‌ಬುಕ್ ಏರ್ ಯಂತ್ರಕ್ಕೆ ಫ್ಯಾನ್ ಕೂಡ ಬೇಕಾಗಲಿಲ್ಲ. ದಿನವಿಡೀ ಬರುವ ಬ್ಯಾಟರಿ, ನಿಶ್ಶಬ್ದ, ಗಟ್ಟಿಮುಟ್ಟಾದ ಲೋಹದ ಮೈ, ಇವು ಕೇವಲ ಜಾಹೀರಾತಿನ ಮಾತುಗಳಲ್ಲ.

ಆದರೆ ಬೆಲೆಯ ಪಟ್ಟಿಯನ್ನು ನೋಡಿದಾಗ ಇನ್ನೊಂದು ಮುಖ ಕಾಣುತ್ತದೆ. 2024ರಲ್ಲಿ ನಮ್ಮ ದೇಶಕ್ಕೆ ಬಂದ ಮ್ಯಾಕ್ ಮಿನಿ ಯಂತ್ರದ ಆರಂಭದ ಬೆಲೆ 59,900 ರೂಪಾಯಿ ಆಗಿತ್ತು. ಅದರಲ್ಲಿ 16 ಜಿ.ಬಿ. ಮೆಮೊರಿ, 256 ಜಿ.ಬಿ. ಸಂಗ್ರಹ. ಗುಣಕ್ಕೆ ಹೋಲಿಸಿದರೆ ಇದು ದುಬಾರಿಯೆನ್ನಲಾಗದು. ಆದರೆ ಸಂಗ್ರಹವನ್ನು ಮಾತ್ರ 512 ಜಿ.ಬಿ.ಗೆ ಏರಿಸಿದರೆ ಬೆಲೆ 79,900 ರೂಪಾಯಿ ಆಗುತ್ತಿತ್ತು. ಆ 20,000 ರೂಪಾಯಿಯ ಅರ್ಧಕ್ಕೂ ಕಡಿಮೆ ಹಣಕ್ಕೆ ಅದೇ ವರ್ಷ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ 1 ಟಿ.ಬಿ. ಸಂಗ್ರಹದ ಎಸ್.ಎಸ್.ಡಿ. ದೊರೆಯುತ್ತಿತ್ತು. ಬಾಗಿಲು ಒಂದೇ ಆಗಿದ್ದಾಗ ಬಾಗಿಲು ಕಾಯುವವನು ಕೇಳಿದ್ದೇ ಸುಂಕ. ಸಂಗ್ರಹ ಸಾಲದಿದ್ದರೆ ಹೊರಗಿನಿಂದ ಒಂದು ಡ್ರೈವ್ ಜೋಡಿಸಿ ನಿಭಾಯಿಸಬಹುದು. ಮೆಮೊರಿ ಸಾಲದಿದ್ದರೆ ಆ ಉಪಾಯವೂ ಇಲ್ಲ.

ಹಾಗಾದರೆ ಲಾಭ ಯಾವುದರಲ್ಲಿ? ಕೊಳ್ಳುವ ಬೆಲೆಯನ್ನು ಬಾಳುವ ವರ್ಷಗಳಿಂದ ಭಾಗಿಸಿ ನೋಡೋಣ. 90,000 ರೂಪಾಯಿಯ ಯಂತ್ರ 8 ವರ್ಷ ಬಾಳಿದರೆ ವರ್ಷಕ್ಕೆ 11,250 ರೂಪಾಯಿ ಬೀಳುತ್ತದೆ. 50,000 ರೂಪಾಯಿಯದು 4 ವರ್ಷಕ್ಕೆ ಮೂಲೆ ಸೇರಿದರೆ ವರ್ಷಕ್ಕೆ 12,500. ಇಲ್ಲಿ ದುಬಾರಿಯದೇ ಅಗ್ಗ! ಆದರೆ ಆ ಎರಡನೆಯ ಯಂತ್ರಕ್ಕೆ 10,000 ರೂಪಾಯಿಯ ಮೆಮೊರಿ, ಬ್ಯಾಟರಿಗಳನ್ನು ಹಾಕಿ 6 ವರ್ಷ ನಡೆಸಿದರೆ ವರ್ಷಕ್ಕೆ 10,000 ಮಾತ್ರ. ಲೆಕ್ಕವೆಲ್ಲ ಬಾಳಿಕೆಯ ಮೇಲೆ ನಿಂತಿದೆ ಎಂಬುದು ಸ್ಪಷ್ಟ.

ಬಾಳಿಕೆಯೂ ಬಿಡಿಭಾಗಗಳನ್ನಷ್ಟೇ ಅವಲಂಬಿಸಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮೆಮೊರಿ ಹೆಚ್ಚಿಸಿಕೊಂಡು ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಹಳೆಯ ಯಂತ್ರಗಳು ವಿಂಡೋಸ್ 11 ಕೇಳುವ ಪ್ರೊಸೆಸರ್, ಭದ್ರತಾ ಚಿಪ್‌ಗಳಿಲ್ಲದೆ ಹಿಂದೆ ಉಳಿದವು. ಅತ್ತ 2020ರ ಎಂ1 ಯಂತ್ರಗಳಿಗೆ 2025ರ ಮ್ಯಾಕ್‌ಓಎಸ್ ಆವೃತ್ತಿಯೂ ದೊರೆಯಿತು; ಆದರೆ ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ ಅದೇ ಕೊನೆಯದೆಂದು ಸಂಸ್ಥೆ ಸಾರಿತು. ಆದುದರಿಂದ ತೆರೆದ ಯಂತ್ರ ಚಿರಂಜೀವಿಯೂ ಅಲ್ಲ, ಮುಚ್ಚಿದ ಯಂತ್ರ ಅಲ್ಪಾಯುವೂ ಅಲ್ಲ.

ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಕಾಯಕದ್ದು. ಮಗು ಮಾಡಲಿರುವ ಕೆಲಸವೇನು? ಸಿವಿಲ್ ಎಂಜಿನಿಯರಿಂಗಿನಲ್ಲಿ ಬಳಸುವ ರೆವಿಟ್, ಈಟ್ಯಾಬ್ಸ್ ತಂತ್ರಾಂಶಗಳು ವಿಂಡೋಸ್‌ಗಾಗಿಯೇ ರೂಪುಗೊಂಡವು. ನಮ್ಮ ಅಂಗಡಿ, ಸಹಕಾರಿ ಸಂಘಗಳ ಲೆಕ್ಕ ಬರೆಯುವ ಟ್ಯಾಲಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಇವೂ ವಿಂಡೋಸ್ ಮನೆಯವೇ. ಎಂ1 ಮತ್ತು ಅದರ ನಂತರದ ಮ್ಯಾಕ್‌ಗಳಲ್ಲಿ ವಿಂಡೋಸನ್ನು ಹಿಂದಿನಂತೆ ನೇರವಾಗಿ ಸ್ಥಾಪಿಸಲು ಆಗದು. ಬದಲಾಗಿ, ಐಫೋನಿಗೆ ಆ್ಯಪ್ ರಚಿಸುವುದನ್ನು ಕಲಿಯುವವರಿಗೆ ಬೇಕಾದ ಎಕ್ಸ್‌ಕೋಡ್ ನಡೆಯುವುದು ಮ್ಯಾಕ್‌ನಲ್ಲಿ ಮಾತ್ರ. ಸಂಗೀತ, ಚಲಚ್ಚಿತ್ರ ಸಂಕಲನಗಳಲ್ಲಿ ತೊಡಗುವವರಿಗೂ ಆ ಯಂತ್ರ ಸಾರ್ಥಕವಾದೀತು. ಪತ್ರ, ಪ್ರಬಂಧ, ಪಾಠಗಳಿಗಾದರೆ ಸಾಮಾನ್ಯ ಯಂತ್ರವೇ ಸಾಕು. ಯೂನಿಕೋಡ್ ಕನ್ನಡವಂತೂ ಎರಡರಲ್ಲಿಯೂ ಚೆನ್ನಾಗಿ ಮೂಡುತ್ತದೆ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆ ನೆನಪಾಗುತ್ತದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಆ ಶರಣೆ ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಪತಿಗೆ ಹೇಳಿದರು. ಇಂದಿನ ಅಗತ್ಯಕ್ಕೆ ಇಂದಿನಷ್ಟು ಎಂಬುದು ಆಕೆ ಕಲಿಸಿದ ಪಾಠ. ಬೆಸೆದು ಮುಚ್ಚಿದ ಯಂತ್ರದ ನಿಜವಾದ ತೊಂದರೆ ಇರುವುದು ಇಲ್ಲಿಯೇ. ಅದು ಐದಾರು ವರ್ಷಗಳ ನಂತರದ ಅಕ್ಕಿಯನ್ನೂ ಇಂದೇ, ಅವರು ಹೇಳಿದ ದರಕ್ಕೇ ಕೊಂಡುಬಿಡಬೇಕೆಂದು ನಮ್ಮನ್ನು ಒತ್ತಾಯಿಸುತ್ತದೆ. ತೆರೆಯಬಲ್ಲ ಯಂತ್ರವಾದರೋ ಅಗತ್ಯ ಬಂದಾಗ, ಕೈಯಲ್ಲಿ ಹಣ ಕೂಡಿದಾಗ, ಸೇರಿಸಿಕೊಳ್ಳುವ ಅವಕಾಶವನ್ನು ಉಳಿಸುತ್ತದೆ. ಬೆಳೆಯನ್ನು ನಂಬಿ ಬದುಕುವ ಸಂಸಾರಗಳಿಗೆ ಆ ಅವಕಾಶದ ಬೆಲೆ ಬಹು ದೊಡ್ಡದು.

ಆದುದರಿಂದ ಕೊಳ್ಳುವ ಮುನ್ನ ಮಗುವಿನ ವಿಭಾಗದ ಅಧ್ಯಾಪಕರನ್ನೂ ಹಿರಿಯ ವಿದ್ಯಾರ್ಥಿಗಳನ್ನೂ ಕಂಡು ಬೇಕಾದ ತಂತ್ರಾಂಶಗಳ ಪಟ್ಟಿಯನ್ನು ತಿಳಿಯಿರಿ. ಮೆಮೊರಿ ಬೆಸೆದಿದೆಯೇ, ಬದಲಾಯಿಸಬಹುದೇ ಎಂದು ಅಂಗಡಿಯವರನ್ನು ನೇರವಾಗಿ ಕೇಳಿರಿ. ಬೆಸೆದಿದ್ದರೆ ಇಂದಿಗೆ ಸಾಲುವಷ್ಟನ್ನಲ್ಲ, ಕೊನೆಯ ವರ್ಷಕ್ಕೆ ಬೇಕಾಗುವಷ್ಟನ್ನು ಆರಿಸಿರಿ. ಅದಕ್ಕೆ ಹಣ ಸಾಲದಿದ್ದರೆ ಆ ಯಂತ್ರವನ್ನೇ ಬಿಡಿರಿ. ವಾರಂಟಿ ಮುಗಿದ ನಂತರ ಮುಖ್ಯ ಫಲಕ ಕೆಟ್ಟರೆ ಎಷ್ಟು ಖರ್ಚೆಂದು ಮೊದಲೇ ವಿಚಾರಿಸಿರಿ, ಏಕೆಂದರೆ ಎಲ್ಲವೂ ಒಂದೇ ಫಲಕದಲ್ಲಿದ್ದಾಗ ಒಂದು ಕೆಟ್ಟರೆ ಎಲ್ಲವೂ ಹೋದಂತೆ. ದುರಸ್ತಿ ಮಾಡಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ಅಂತರಜಾಲ ತಾಣವೊಂದನ್ನು ತೆರೆಯಿತು. ಗ್ರಾಹಕರು ಪ್ರಶ್ನಿಸುವುದನ್ನು ಕಲಿತಾಗಲೇ ಇಂತಹ ಪ್ರಯತ್ನಗಳಿಗೆ ಬಲ ಬರುತ್ತದೆ.

ನನ್ನ ತಂಗಿಯ ಮಗಳು ಉಳಿದೆರಡು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಜೆಯ ಹೊತ್ತು ಕುಳಿತು ತನ್ನ ವಿನ್ಯಾಸಗಳನ್ನು ಮುಗಿಸಿದಳು. ಒಮ್ಮೆಯೂ ನನ್ನನ್ನು ದೂರಲಿಲ್ಲ. ಆ ತೆಳ್ಳನೆಯ ಯಂತ್ರದಲ್ಲಿ ಈಗ ಅವಳ ತಂದೆ ಊರಿನ ಹಾಲು ಸಂಘದ ಪತ್ರವ್ಯವಹಾರ ನೋಡುತ್ತಾರೆ. ಆ ಕೆಲಸಕ್ಕೆ ಅದು ಬೇಕಾದಷ್ಟಾಯಿತು, ಇನ್ನೂ ಹಲವು ವರ್ಷ ಬಾಳುವಂತಿದೆ. ಯಂತ್ರಕ್ಕೆ ತಕ್ಕ ಕಾಯಕ ದೊರೆಯಿತು. ಕಾಯಕಕ್ಕೆ ತಕ್ಕ ಯಂತ್ರವನ್ನು ಮೊದಲೇ ಹುಡುಕಿದ್ದರೆ ಆ ಮಗುವಿನ ಎರಡು ವರ್ಷದ ಸಂಜೆಗಳು ಉಳಿಯುತ್ತಿದ್ದವು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂಬುದೇ ನನ್ನ ಹಾರೈಕೆ.